ಕೇಂದ್ರವಿಲ್ಲದ ಬಲೆಗೆ ಕೇಂದ್ರ ಬಂದ ಬಗೆ



1999-2000ನೇ ಸಾಲಿನಲ್ಲಿ ನನ್ನ ಬಳಿ ಹತ್ತನೆಯ ತರಗತಿಯ ಸಮಾಜ ಪಾಠ ಕೇಳಿದವರಿಗೆ ನಾನೊಂದು ತಿದ್ದುಪಡಿಯನ್ನು ಸಲ್ಲಿಸಬೇಕಾಗಿದೆ. ಪರೀಕ್ಷೆಗೆ ಬಾರದ ವಿಷಯವಾದುದರಿಂದ ಯಾರ ಅಂಕಕ್ಕೂ ಧಕ್ಕೆಯಾಗಿರಲಿಕ್ಕಿಲ್ಲ. ಆದರೂ ತಪ್ಪು ತಪ್ಪೇ.

ಆ ವರ್ಷ ನಮ್ಮ ಶಾಲೆಗೆ ಮೊದಲ ಕಂಪ್ಯೂಟರ್ ಬಂದಿತ್ತು. ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಹೂವಿನ ಚಿತ್ತಾರದ ಬಟ್ಟೆ ಹೊದ್ದು ಕುಳಿತಿದ್ದ ಅದನ್ನು ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಶೀತಲ ಸಮರದ ಪಾಠ ಮಾಡುತ್ತಿದ್ದಾಗ, ಪತ್ರಿಕೆಯಲ್ಲಿ ಓದಿದ್ದ ಸಂಗತಿಯೊಂದನ್ನು ಉತ್ಸಾಹದಿಂದ ಹೇಳಿದೆ: ಅಣುಬಾಂಬು ಬಿದ್ದರೂ ಸಂಪರ್ಕ ಕಡಿಯಬಾರದೆಂದು ಅಮೆರಿಕದ ಸೈನ್ಯ ಕಟ್ಟಿಸಿದ ಜಾಲವೇ ಇಂಟರ್ನೆಟ್, ಅದಕ್ಕೆ ಕೇಂದ್ರವೆಂಬುದೇ ಇಲ್ಲ, ಆದುದರಿಂದ ಅದನ್ನು ಯಾರೂ ಕೆಡವಲಾರರು. ಕಪ್ಪುಹಲಗೆಯ ಮೇಲೆ ಮೀನಿನ ಬಲೆಯೊಂದನ್ನು ಬರೆದು, ಇಲ್ಲಿ ಕತ್ತರಿಸಿದರೆ ಅಲ್ಲಿಂದ ಹೋಗುತ್ತದೆ, ಅಲ್ಲಿ ಕತ್ತರಿಸಿದರೆ ಇಲ್ಲಿಂದ ಹೋಗುತ್ತದೆ ಎಂದು ಸೀಮೆಸುಣ್ಣದಿಂದ ದಾರಿ ತೋರಿಸಿದ್ದೂ ನೆನಪಿದೆ. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, "ಸಾರ್, ಬಲೆಯ ಎಲ್ಲಾ ಗಂಟಿಗೂ ಒಂದೇ ದಿನ ಒಂದೇ ಕಾಯಿಲೆ ಬಂದ್ರೆ?" ಎಂದು ಕೇಳಿದ. ತರಗತಿ ನಕ್ಕಿತು. ನಾನೂ ನಕ್ಕು, "ಕೂತ್ಕೊಳೋ, ಡಾಕ್ಟರ್ ಆಗೋ ಹಾಗಿದ್ದೀಯ" ಎಂದುಬಿಟ್ಟೆ.

ಅವನು ಡಾಕ್ಟರ್ ಆಗಲಿಲ್ಲ. ಬೆಂಗಳೂರಿನ ಒಂದು ಕಂಪನಿಯಲ್ಲಿ, ಇತರರ ಕಂಪ್ಯೂಟರ್ ವ್ಯವಸ್ಥೆಗಳು ನಿಲ್ಲದಂತೆ ಕಾಯುವ ಉದ್ಯೋಗದಲ್ಲಿದ್ದಾನೆ. 2025ರ ದೀಪಾವಳಿಗೆ ಊರಿಗೆ ಬಂದವನು ನರಕ ಚತುರ್ದಶಿಯ ಸಂಜೆ ನಮ್ಮ ಮನೆಗೂ ಬಂದ. ಕೈಯಲ್ಲಿ ಫೋನು, ಮುಖದಲ್ಲಿ ಒಂದು ಬಗೆಯ ನಗು. "ಸಾರ್, ನೀವು ಬರೆದಿದ್ದ ಬಲೆ ಇವತ್ತು ಮಧ್ಯಾಹ್ನದಿಂದ ಅರ್ಧ ಕೆಟ್ಟು ಕೂತಿದೆ. ನಮ್ಮದು ಬೇರೆ ಕಡೆ ಇರೋದ್ರಿಂದ ಬಚಾವಾದ್ವಿ" ಎಂದ. ಅಂದು, ಅಕ್ಟೋಬರ್ 20ರಂದು, ಅಮೆರಿಕದ ಉತ್ತರ ವರ್ಜೀನಿಯಾದಲ್ಲಿರುವ ಅಮೆಜಾನ್ ಕಂಪನಿಯ ಗಣಕ ಕೇಂದ್ರಗಳಲ್ಲಿ ತೊಡಕುಂಟಾಗಿ ಜಗತ್ತಿನ ನಾನಾ ಕಡೆಯ ಸೇವೆಗಳು ನಿಂತುಹೋಗಿದ್ದವು. ಇಪ್ಪತ್ತೈದು ವರ್ಷಗಳ ಹಿಂದಿನ ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲವೆಂಬುದು ಆಗ ನೆನಪಾಯಿತು. ಅಂದಿನಿಂದ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪಿನ ಮೂಲ. ಅಣುಯುದ್ಧದ ಕಥೆ ಪೂರ್ತಿ ಸುಳ್ಳಲ್ಲ. ಬೇರೆ ಎರಡು ಕಥೆಗಳು ಒಂದರಲ್ಲೊಂದು ಬೆರೆತುಹೋಗಿವೆ. ಪಾಲ್ ಬ್ಯಾರನ್ ಎಂಬ ಎಂಜಿನಿಯರ್ 1926ರಲ್ಲಿ ಅಂದಿನ ಪೋಲೆಂಡಿನ ಗ್ರೋಡ್ನೋದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋದವರು. 1959ರಲ್ಲಿ ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಯನ್ನು ಸೇರಿ, ಬಾಂಬು ಬಿದ್ದ ಮೇಲೂ ಆಜ್ಞೆಗಳು ತಲುಪುವಂತಹ ದೂರಸಂಪರ್ಕ ಸಾಧ್ಯವೇ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಆಗಿನ ಟೆಲಿಫೋನ್ ವ್ಯವಸ್ಥೆಯಲ್ಲಿ ಕೆಲವೇ ದೊಡ್ಡ ವಿನಿಮಯ ಕೇಂದ್ರಗಳಿದ್ದವು. ಅವನ್ನು ಹೊಡೆದರೆ ದೇಶವೇ ಮೂಕ. 1964ರಲ್ಲಿ ಅವರು ಪ್ರಕಟಿಸಿದ ವರದಿಗಳ ಮಾಲೆಯಲ್ಲಿ ಮೂರು ಚಿತ್ರಗಳಿವೆ. ಒಂದರಲ್ಲಿ ಎಲ್ಲ ಗೆರೆಗಳೂ ಒಂದೇ ಬಿಂದುವಿಗೆ ಸೇರುತ್ತವೆ. ಎರಡನೆಯದರಲ್ಲಿ ಹಲವು ಚಿಕ್ಕ ಕೇಂದ್ರಗಳಿವೆ. ಮೂರನೆಯದರಲ್ಲಿ ಕೇಂದ್ರವೇ ಇಲ್ಲ, ಪ್ರತಿಯೊಂದು ಗಂಟೂ ನೆರೆಯ ಕೆಲವು ಗಂಟುಗಳೊಡನೆ ಮಾತ್ರ ಕೂಡಿಕೊಂಡಿದೆ. ನಾನು ಹಲಗೆಯ ಮೇಲೆ ಬರೆದದ್ದು ಈ ಮೂರನೆಯದನ್ನೇ.

ಬ್ಯಾರನ್ನರು ಲೆಕ್ಕ ಹಾಕಿ ಕಂಡುಕೊಂಡ ಒಂದು ಸಂಗತಿ ನನಗೆ ಬಹಳ ಹಿಡಿಸಿತು. ಇಂತಹ ಬಲೆ ಗಟ್ಟಿಯಾಗಿರಲು ಎಲ್ಲರಿಗೂ ಎಲ್ಲರೊಡನೆ ಸಂಪರ್ಕವಿರಬೇಕಾಗಿಲ್ಲ. ತೀರ ಅಗತ್ಯವಿರುವುದಕ್ಕಿಂತ ಮೂರು ನಾಲ್ಕು ಪಟ್ಟು ಕೊಂಡಿಗಳಿದ್ದರೆ ಸಾಕು. ಅದಕ್ಕಿಂತ ಹೆಚ್ಚಿಸಿದರೂ ಹೆಚ್ಚಿನ ಲಾಭವಿಲ್ಲ. ಸಂದೇಶವನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಬಿಸಿ ಆಲೂಗೆಡ್ಡೆಯನ್ನು ಕೈಯಿಂದ ಕೈಗೆ ದಾಟಿಸುವಂತೆ ಖಾಲಿಯಿರುವ ದಾರಿಯಲ್ಲಿ ಮುಂದಕ್ಕೆ ತಳ್ಳುವುದು ಅವರ ಉಪಾಯ. ಇಂಗ್ಲೆಂಡಿನಲ್ಲಿ ಡೊನಾಲ್ಡ್ ಡೇವಿಸ್ ಎಂಬವರು ಸ್ವತಂತ್ರವಾಗಿ ಇದೇ ಉಪಾಯವನ್ನು ಕಂಡುಕೊಂಡು ಆ ತುಂಡಿಗೆ 'ಪ್ಯಾಕೆಟ್' ಎಂದು ಹೆಸರಿಟ್ಟರು. ಆ ಹೆಸರೇ ಉಳಿಯಿತು. ಅಮೆರಿಕದ ಟೆಲಿಫೋನ್ ಕ್ಷೇತ್ರದ ಏಕಸ್ವಾಮ್ಯ ಹೊಂದಿದ್ದ ಎ.ಟಿ. ಅಂಡ್ ಟಿ. ಕಂಪನಿಯವರು ಬ್ಯಾರನ್ನರ ಯೋಜನೆಯನ್ನು ಒಪ್ಪಲಿಲ್ಲ. ವಾಯುಸೇನೆಗೆ ಮನಸ್ಸಿತ್ತು, ಆದರೆ ಕೆಲಸ ಅದಕ್ಕೆ ಅರ್ಹವಲ್ಲದ ಇಲಾಖೆಯ ಪಾಲಾಗುವುದೆಂದು ತಿಳಿದಾಗ ಬ್ಯಾರನ್ನರೇ ಬೇಡವೆಂದರು. ಯೋಜನೆ ಕಾಗದದ ಮೇಲೆಯೇ ಉಳಿಯಿತು.

ನಿಜವಾಗಿ ಕಟ್ಟಲ್ಪಟ್ಟ ಜಾಲ ಅರ್ಪಾನೆಟ್. ಅದಕ್ಕೆ ಹಣ ಕೊಟ್ಟದ್ದು ರಕ್ಷಣಾ ಇಲಾಖೆಯ ಸಂಶೋಧನಾ ವಿಭಾಗವೇ ಆದರೂ ಉದ್ದೇಶ ಯುದ್ಧವಾಗಿರಲಿಲ್ಲ. 1966ರಲ್ಲಿ ಆ ವಿಭಾಗದ ಅಧಿಕಾರಿಯಾಗಿದ್ದ ಬಾಬ್ ಟೇಲರ್ ಅವರ ಕೊಠಡಿಯಲ್ಲಿ ಮೂರು ಟರ್ಮಿನಲ್‌ಗಳಿದ್ದವು. ಒಂದೊಂದೂ ದೂರದ ಬೇರೆ ಬೇರೆ ಕಂಪ್ಯೂಟರಿಗೆ. ಇದರಿಂದ ಎದ್ದು ಅದಕ್ಕೆ, ಅದರಿಂದ ಎದ್ದು ಇದಕ್ಕೆ ಹೋಗಿ ಕುಳಿತುಕೊಳ್ಳಬೇಕು. ಒಂದೇ ಕಡೆಯಿಂದ ಎಲ್ಲವನ್ನೂ ಬಳಸುವಂತಾದರೆ ದುಬಾರಿ ಯಂತ್ರಗಳನ್ನು ಹಂಚಿಕೊಳ್ಳಬಹುದಲ್ಲ ಎಂಬುದು ಅವರ ಯೋಚನೆ. ಅಣುಬಾಂಬಿನ ಕಥೆಯನ್ನು ಟೇಲರ್ ಮತ್ತೆ ಮತ್ತೆ ಅಲ್ಲಗಳೆದರು. ನನ್ನಂಥ ಮೇಷ್ಟರುಗಳು ಮತ್ತೆ ಮತ್ತೆ ಹೇಳಿದರು. 1969ರ ಅಕ್ಟೋಬರ್ 29ರ ರಾತ್ರಿ ಲಾಸ್ ಏಂಜಲೀಸಿನಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ 'ಲಾಗಿನ್' ಎಂಬ ಪದವನ್ನು ಕಳುಹಿಸಲು ಹೊರಟಾಗ 'ಎಲ್' ಹೋಯಿತು, 'ಓ' ಹೋಯಿತು, ಆಮೇಲೆ ಆ ಕಡೆಯ ಯಂತ್ರ ಕೆಟ್ಟು ನಿಂತಿತು. ಹೀಗೆ ಜಾಲದ ಮೊದಲ ಸಂದೇಶವೇ ಅರ್ಧಕ್ಕೆ ನಿಂತ ಸಂದೇಶ.

ಈಗ ಹಿಂದಿನ ಬೆಂಚಿನ ಪ್ರಶ್ನೆಗೆ ಬರುತ್ತೇನೆ. ಎಲ್ಲ ಗಂಟಿಗೂ ಒಂದೇ ಕಾಯಿಲೆ ಬಂದರೆ? ನಾನು ಪಾಠ ಮಾಡುವುದಕ್ಕೆ ಎಷ್ಟೋ ಮೊದಲು ಅದು ಬಂದಾಗಿತ್ತು: 1980ರ ಅಕ್ಟೋಬರ್ 27ರಂದು.

ಅರ್ಪಾನೆಟ್ಟಿನ ಪ್ರತಿಯೊಂದು ಗಂಟಿನಲ್ಲಿಯೂ ದಾರಿ ತೋರಿಸುವ ಒಂದು ಸಣ್ಣ ಕಂಪ್ಯೂಟರ್ ಇರುತ್ತಿತ್ತು. ಅದು ಆಗಾಗ್ಗೆ ತನ್ನ ಸುತ್ತಲಿನ ತಂತಿಗಳ ಸ್ಥಿತಿಗತಿಯ ವರದಿಯೊಂದನ್ನು ಉಳಿದೆಲ್ಲರಿಗೂ ಕಳುಹಿಸುತ್ತಿತ್ತು. ಯಾವ ವರದಿ ಹೊಸದು, ಯಾವುದು ಹಳೆಯದು ಎಂದು ತಿಳಿಯಲು ಪ್ರತಿಯೊಂದಕ್ಕೂ 0ಯಿಂದ 63ರವರೆಗೆ ಒಂದು ಸಂಖ್ಯೆ. 63 ಆದ ಮೇಲೆ ಮತ್ತೆ 0. ನಮ್ಮ ಸಂವತ್ಸರಗಳನ್ನು ನೆನೆದುಕೊಳ್ಳಿ. ಪ್ರಭವದಿಂದ ಹೊರಟು 60 ಹೆಸರು ಮುಗಿದ ಮೇಲೆ ಮತ್ತೆ ಪ್ರಭವ. ಶಾಸನದಲ್ಲಿ ಶಕವರ್ಷವಿಲ್ಲದೆ ಬರಿಯ ಸಂವತ್ಸರದ ಹೆಸರಿದ್ದರೆ ಯಾವುದು ಹಿಂದಿನದು, ಯಾವುದು ಮುಂದಿನದು ಎಂದು ವಿದ್ವಾಂಸರು ತಲೆ ಕೆಡಿಸಿಕೊಳ್ಳುವುದನ್ನು ನಿಮಗೆ ಹೇಳಿದ್ದೆ. ಈ ತೊಡಕಿಗೆ ಆ ಎಂಜಿನಿಯರರು ಒಂದು ನಿಯಮ ಮಾಡಿದ್ದರು: ಎರಡು ಸಂಖ್ಯೆಗಳ ಅಂತರ 32ನ್ನು ಮೀರದಿದ್ದರೆ ದೊಡ್ಡದು ಹೊಸದು, ಮೀರಿದರೆ ಚಕ್ರ ಒಂದು ಸುತ್ತು ಬಂದಿದೆಯೆಂದು ತಿಳಿದು ಚಿಕ್ಕದನ್ನು ಹೊಸದೆನ್ನುವುದು.

ಆ ದಿನ ಯಂತ್ರಾಂಶದ ದೋಷದಿಂದ ಒಂದು ವರದಿಯ ಸಂಖ್ಯೆಯ ಕೆಲವು ಬಿಟ್‌ಗಳು ಉದುರಿಹೋದವು. 44 ಎಂಬ ವರದಿಯ ಒಂದು ಪ್ರತಿ 40 ಆಯಿತು, ಇನ್ನೊಂದು 8 ಆಯಿತು. ಕಾಗದ ಪೆನ್ಸಿಲ್ ತೆಗೆದುಕೊಂಡು ನಿಯಮವನ್ನು ಅನ್ವಯಿಸಿ ನೋಡಿ. 40ಕ್ಕಿಂತ 44 ಹೊಸದು. 8ಕ್ಕಿಂತ 40 ಹೊಸದು. 44 ಮತ್ತು 8ರ ಅಂತರ 36, ಅಂದರೆ 32ನ್ನು ಮೀರಿತು; ಆದುದರಿಂದ 44ಕ್ಕಿಂತ 8 ಹೊಸದು! ಮೂರೂ ಒಂದಕ್ಕಿಂತ ಒಂದು ಹೊಸವು. ಪ್ರತಿಯೊಂದು ಯಂತ್ರವೂ ಒಂದನ್ನು ತೆಗೆದುಕೊಂಡು, ಹಳೆಯದನ್ನು ಎಸೆದು, ನೆರೆಯವರಿಗೆ ದಾಟಿಸುತ್ತಾ ಹೋಯಿತು. ಈ ಮೂರು ಕಾಗದಗಳ ಓಡಾಟದಲ್ಲಿಯೇ ಯಂತ್ರಗಳ ಶಕ್ತಿಯೆಲ್ಲ ಮುಗಿದು ಇಡೀ ಜಾಲ ಹಲವು ಗಂಟೆಗಳ ಕಾಲ ಸ್ತಬ್ಧವಾಯಿತು. ಯಾವ ಶತ್ರುವೂ ಇರಲಿಲ್ಲ. ತಂತಿಗಳೆಲ್ಲ ಸರಿಯಾಗಿದ್ದವು. ಕೊನೆಗೆ, ಆ ವರದಿಗಳ ಮೂಲವಾದ ಗಂಟಿನ ಮಾತನ್ನು ಕಿವಿಗೆ ಹಾಕಿಕೊಳ್ಳಬೇಡಿರೆಂದು ಉಳಿದ ಯಂತ್ರಗಳಿಗೆ ಹೇಳಿಕೊಟ್ಟ ಮೇಲೆ ಜಾಲ ಚೇತರಿಸಿತು.

ಈ ಘಟನೆಯನ್ನು ನಾನು ಮೂರು ಸಲ ಓದಿದೆ. ಬ್ಯಾರನ್ನರ ಚಿತ್ರದಲ್ಲಿ ಗೆರೆಗಳಿಗೆ ಕೇಂದ್ರವಿಲ್ಲ, ನಿಜ. ಆದರೆ ಎಲ್ಲ ಗಂಟುಗಳಲ್ಲಿಯೂ ಕುಳಿತಿದ್ದದ್ದು ಒಂದೇ ತಂತ್ರಾಂಶ, ಒಂದೇ ತಲೆ. ಆ ತಲೆಯ ಒಂದು ದಡ್ಡತನ ಎಲ್ಲರ ದಡ್ಡತನವಾಯಿತು. ಏಕರೂಪತೆಯೂ ಒಂದು ಕೇಂದ್ರವೇ. ಕಣ್ಣಿಗೆ ಕಾಣದ ಕೇಂದ್ರ. ಹದಿನೈದು ವರ್ಷದ ಹುಡುಗನಿಗೆ ಹೊಳೆದದ್ದು ಅವನ ಮೇಷ್ಟರಿಗೆ ಹೊಳೆದಿರಲಿಲ್ಲ.

ಕಾಣುವ ಕೇಂದ್ರವೊಂದೂ ಆರಂಭದಿಂದಲೇ ಇತ್ತು: ಹೆಸರುಗಳ ಪಟ್ಟಿ. ಯಾವ ಹೆಸರಿನ ಕಂಪ್ಯೂಟರಿಗೆ ಯಾವ ಅಂಕಿಯ ವಿಳಾಸವೆಂಬುದನ್ನು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಒಂದೇ ಕಡತದಲ್ಲಿ ಬರೆದಿಡುತ್ತಿತ್ತು. ಉಳಿದವರು ಅದನ್ನು ನಕಲು ಮಾಡಿಕೊಳ್ಳುತ್ತಿದ್ದರು. ಹಾಜರಿ ಪುಸ್ತಕವಿದ್ದಂತೆ ಎನ್ನಿ. ಯಂತ್ರಗಳು ಹೆಚ್ಚಿದಾಗ ಪುಸ್ತಕ ಸಾಲದಾಯಿತು. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಈ ಪಟ್ಟಿಯನ್ನು ಮರದ ಕೊಂಬೆಗಳಂತೆ ಹಂಚುವ ವ್ಯವಸ್ಥೆಯನ್ನು ರೂಪಿಸಿದರು. ಅದೇ ಇಂದಿನ ಡಿ.ಎನ್.ಎಸ್. ಕೊಂಬೆಗಳನ್ನು ಹಂಚಬಹುದು, ಬೇರನ್ನು? 1998ರ ಜನವರಿ 28ರಂದು, ಹೆಸರು-ಸಂಖ್ಯೆಗಳ ಉಸ್ತುವಾರಿ ನೋಡುತ್ತಿದ್ದ ಜಾನ್ ಪೋಸ್ಟೆಲ್ ಎಂಬ ಗಡ್ಡದ ವಿದ್ವಾಂಸರು, ಹನ್ನೆರಡು ಮಂದಿ ಬೇರು-ಸರ್ವರ್ ನಿರ್ವಾಹಕರಲ್ಲಿ ಎಂಟು ಮಂದಿಗೆ ಇ-ಮೇಲ್ ಕಳುಹಿಸಿ, ಇನ್ನು ಮುಂದೆ ಮೂಲಪ್ರತಿಯನ್ನು ತಮ್ಮ ಯಂತ್ರದಿಂದ ಪಡೆಯಿರಿ ಎಂದು ಕೇಳಿಕೊಂಡರು. ಅವರು ಹಾಗೆಯೇ ಮಾಡಿದರು! ಅಮೆರಿಕ ಸರ್ಕಾರ ಗಾಬರಿಯಾಗಿ ಅದನ್ನು ಹಿಂದಕ್ಕೆ ಪಡೆಯುವಂತೆ ಮಾಡಿತು. ಕೇಂದ್ರವಿಲ್ಲವೆಂದು ನಾನು ಪಾಠ ಹೇಳಿದ್ದು ಇದಾದ ಮರುವರ್ಷ. ಇಂದು ಬೇರು-ಸರ್ವರುಗಳ ಪ್ರತಿಗಳು ಜಗತ್ತಿನ ಸಾವಿರಕ್ಕೂ ಮೀರಿದ ಸ್ಥಳಗಳಲ್ಲಿವೆಯೆಂಬುದನ್ನೂ ಹೇಳಬೇಕು. ಈ ಒಂದು ವಿಷಯದಲ್ಲಿ ಪರಿಸ್ಥಿತಿ ಮೊದಲಿಗಿಂತ ಉತ್ತಮವಾಗಿದೆ.

ಹಾಗಾದರೆ ಉಳಿದ ಕೇಂದ್ರಗಳು ಹೇಗೆ ಬೆಳೆದವು? ಯಾರೋ ಸಂಚು ಮಾಡಿ ಬೆಳೆಸಿದರೆಂದು ನನಗೆ ತೋರುವುದಿಲ್ಲ. ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯ ಪ್ರತಿ ಹಿತ್ತಿಲಿನಲ್ಲಿಯೂ ಒಂದು ಬಾವಿಯಿತ್ತು. ನಲ್ಲಿ ಬಂತು. ಹಗ್ಗ, ಬಿಂದಿಗೆ, ರಾಟೆಗಳ ಶ್ರಮ ತಪ್ಪಿತೆಂದು ಹೆಂಗಸರು ನಿಟ್ಟುಸಿರು ಬಿಟ್ಟರು, ಮತ್ತು ಅದು ನ್ಯಾಯವೇ. ಬಳಸದ ಬಾವಿಗೆ ಕಸ ಬಿತ್ತು, ಆಮೇಲೆ ಮಣ್ಣು ಬಿತ್ತು. ಮೊದಲ ಬೇಸಗೆಯಲ್ಲಿ ಊರಿನ ಪಂಪು ಸುಟ್ಟುಹೋದಾಗಲೇ ಬಾವಿಯ ನೆನಪಾದದ್ದು.

ಜಾಲದಲ್ಲಿಯೂ ಮೊದಲು ಮನೆಗೊಂದು ಬಾವಿ. ನಮ್ಮ ದೇಶದಲ್ಲಿ 1986ರಲ್ಲಿ ಆರಂಭವಾದ ಅರ್ನೆಟ್ ಎಂಬ ಜಾಲದಲ್ಲಿ ಎಂಟು ಸಂಸ್ಥೆಗಳಿದ್ದವು: ಐದು ಐ.ಐ.ಟಿ.ಗಳು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬಯಿಯ ತಂತ್ರಾಂಶ ಸಂಸ್ಥೆಯೊಂದು ಮತ್ತು ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ಸಾರ್ವಜನಿಕರಿಗೂ ಸಂಪರ್ಕ ಕೊಡಲಾರಂಭಿಸಿತು. ವಿಶ್ವವಿದ್ಯಾಲಯಗಳು ತಮ್ಮ ಅಂಚೆಯನ್ನು ತಾವೇ ನಡೆಸುತ್ತಿದ್ದ ಕಾಲವದು. ಆದರೆ ವಿಳಾಸಗಳಿಗೆ ಬರ ಬಂತು. ಅಂಕಿಯ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲಿ ಬರಿದಾಯಿತು. ಒಂದೇ ವಿಳಾಸದ ಹಿಂದೆ ಹಲವು ಮನೆಗಳನ್ನು ಅಡಗಿಸಿಡುವ ಪದ್ಧತಿ ಬಂತು. ಇದರಿಂದ ಮನೆಯ ಕಂಪ್ಯೂಟರ್ ಹೊರಗಿನವರನ್ನು ಕರೆಯಬಲ್ಲದು, ಹೊರಗಿನವರು ಅದನ್ನು ನೇರವಾಗಿ ಕರೆಯಲಾರರು. ಅಂದರೆ ನಮ್ಮ ಮನೆಗೆ ನಲ್ಲಿಯಿದೆ, ಬಾವಿಯಿಲ್ಲ. ಇದರ ಮೇಲೆ ಕಸದ ಅಂಚೆಯ ಹಾವಳಿ, ವೈರಸ್ಸುಗಳ ಭಯ. ಸಣ್ಣವರಿಗೆ ಇವನ್ನೆಲ್ಲ ಎದುರಿಸುವುದು ಕಷ್ಟವಾಯಿತು. 2006ರಲ್ಲಿ ಅಮೆಜಾನ್ ತನ್ನ ಕಂಪ್ಯೂಟರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲಾರಂಭಿಸಿದಾಗ, ಎಲ್ಲರೂ ಸಂತೋಷದಿಂದಲೇ ಬಾವಿ ಮುಚ್ಚಿದರು.

ಆ ದೀಪಾವಳಿಯ ದಿನ ನಡೆದದ್ದು ಇಷ್ಟು. ಅಮೆಜಾನಿನ ದತ್ತಸಂಗ್ರಹ ಸೇವೆಯೊಂದರ ವಿಳಾಸಪಟ್ಟಿಯನ್ನು ಸದಾ ಪರಿಷ್ಕರಿಸಲು ಸ್ವಯಂಚಾಲಿತ ಕಾರ್ಯಕ್ರಮಗಳಿದ್ದವು. ಒಂದು ನಿಧಾನವಾಗಿ ಹಳೆಯ ಪಟ್ಟಿಯನ್ನು ಅಂಟಿಸುತ್ತಿತ್ತು. ಇನ್ನೊಂದು ಬೇಗ ಹೊಸದನ್ನು ಅಂಟಿಸಿ, ಹಳೆಯವನ್ನು ಕಸವೆಂದು ಗುಡಿಸಿತು. ಗುಡಿಸಿದ್ದರಲ್ಲಿ ಆಗ ತಾನೇ ಗೋಡೆಯ ಮೇಲಿದ್ದ ಪಟ್ಟಿಯೂ ಸೇರಿತ್ತು. ಫಲಿತಾಂಶ: ವಿಳಾಸವೇ ಇಲ್ಲ. ಸರ್ವರುಗಳು ಆರೋಗ್ಯವಾಗಿದ್ದವು, ಅವು ಎಲ್ಲಿವೆಯೆಂದು ಹೇಳುವವರಿರಲಿಲ್ಲ. ನಮ್ಮ ಗಡಿಯಾರದಲ್ಲಿ ಮಧ್ಯಾಹ್ನ ಹನ್ನೆರಡೂಕಾಲರ ಸುಮಾರಿಗೆ ಆರಂಭವಾದದ್ದು ಪೂರ್ತಿ ಸರಿಹೋಗಲು ಹದಿನಾಲ್ಕು ಗಂಟೆಗಿಂತ ಹೆಚ್ಚು ಹಿಡಿಯಿತು. ಆಟದ ತಾಣಗಳು ನಿಂತವೆಂದರೆ ನನಗೇನೂ ದುಃಖವಿಲ್ಲ. ಆದರೆ ಬ್ರಿಟನ್ನಿನ ತೆರಿಗೆ ಇಲಾಖೆಯ ತಾಣ, ಲಾಯ್ಡ್ಸ್ ಬ್ಯಾಂಕಿನ ಸೇವೆಗಳು ವರ್ಜೀನಿಯಾದ ಒಂದು ಪಟ್ಟಿ ಅಳಿಸಿಹೋದ ಕಾರಣಕ್ಕೆ ತೊಂದರೆಗೊಳಗಾದವೆಂದು ಓದಿದಾಗ ಯೋಚನೆಗಿಟ್ಟುಕೊಂಡಿತು. ಗೋಪ್ಯತೆಗೆ ಹೆಸರಾದ ಸಿಗ್ನಲ್ ಎಂಬ ಸಂದೇಶ ಸೇವೆಯೂ ನಿಂತಿತ್ತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಮತ್ತು ವಾಟ್ಸಾಪ್ ಸುಮಾರು ಆರು ಗಂಟೆ ಕಾಲ ಇಲ್ಲವಾದದ್ದು ನಿಮಗೆ ನೆನಪಿರಬಹುದು. ಅಂದು ತಮ್ಮದೇ ಒಂದು ಆಜ್ಞೆಯಿಂದ ಅವರ ಜಾಲ ಹೊರಜಗತ್ತಿನಿಂದ ಕಳಚಿಕೊಂಡಿತ್ತು. ದುರಸ್ತಿಗೆ ಬೇಕಾದ ಸಾಧನಗಳೂ ಅದೇ ಜಾಲವನ್ನು ಅವಲಂಬಿಸಿದ್ದುದರಿಂದ ಎಂಜಿನಿಯರರು ಖುದ್ದಾಗಿ ಯಂತ್ರಗಳ ಬಳಿ ಹೋಗಬೇಕಾಯಿತು. ಬೀಗದ ಕೈಯನ್ನು ಮನೆಯೊಳಗಿಟ್ಟು ಬಾಗಿಲೆಳೆದುಕೊಂಡಂತೆ.

ಇದು ಜಾಲದ ಮಾತಾಯಿತು. ಕಂಪ್ಯೂಟರಿನ ಒಳಗೂ ಇದೇ ವಾದ ಬಹಳ ಹಿಂದೆಯೇ ನಡೆದಿದೆ. 1992ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್, ಹೆಲ್ಸಿಂಕಿಯ 22 ವರ್ಷದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಬರೆದಿದ್ದ ಲಿನಕ್ಸನ್ನು ಹಳೆಯ ಕಾಲದ ವಿನ್ಯಾಸವೆಂದು ಬಹಿರಂಗವಾಗಿ ಟೀಕಿಸಿದರು. ಅವರ ಆಕ್ಷೇಪವಿಷ್ಟು: ಕಂಪ್ಯೂಟರಿನ ಗರ್ಭಗುಡಿಯಂತಿರುವ 'ಕರ್ನಲ್' ಎಂಬ ಭಾಗದೊಳಕ್ಕೆ ಎಲ್ಲರನ್ನೂ ಬಿಡಬಾರದು. ಅಲ್ಲಿ ಒಬ್ಬ ಎಡವಿದರೆ ಇಡೀ ಗುಡಿ ಉರುಳುತ್ತದೆ. ಅದನ್ನು ಆದಷ್ಟು ಚಿಕ್ಕದಾಗಿಟ್ಟು, ಉಳಿದ ಕೆಲಸದವರನ್ನು ಹೊರಗಿನ ಪ್ರಾಕಾರದಲ್ಲಿ ನಿಲ್ಲಿಸಬೇಕು. ಹುಡುಗ ಬಿಸಿಯಾಗಿಯೇ ಉತ್ತರಿಸಿದ, ಮತ್ತು ಲೋಕ ಹುಡುಗನ ಕಡೆ ಹೋಯಿತು; ಏಕೆಂದರೆ ಅವನ ವ್ಯವಸ್ಥೆ ಕೈಗೆ ಸಿಗುತ್ತಿತ್ತು, ವೇಗವಾಗಿತ್ತು. ಇಲ್ಲೊಂದು ತಮಾಷೆಯಿದೆ. ಟನೆನ್‌ಬಾಮ್ ಪಾಠಕ್ಕೆಂದು ಬರೆದಿದ್ದ ಮಿನಿಕ್ಸ್ ಎಂಬ ಪುಟ್ಟ ವ್ಯವಸ್ಥೆ, ಇಂಟೆಲ್ ಕಂಪನಿಯ ಚಿಪ್ಪುಗಳೊಳಗೆ ಯಾರಿಗೂ ಕಾಣದಂತೆ ಕೆಲಸ ಮಾಡುತ್ತಿದೆಯೆಂದು 2017ರಲ್ಲಿ ಬೆಳಕಿಗೆ ಬಂತು. ಒಂದು ಮಾತು ತಿಳಿಸಿದ್ದರೆ ಚೆನ್ನಾಗಿತ್ತೆಂದು ಆ ಪ್ರಾಧ್ಯಾಪಕರು ಕಂಪನಿಗೆ ಬಹಿರಂಗ ಪತ್ರ ಬರೆದರು. ನಮ್ಮ ನಿಮ್ಮ ಮೇಜಿನ ಮೇಲಿನ ಯಂತ್ರದೊಳಗೆ ನಮಗೇ ತಿಳಿಯದ ಇನ್ನೊಂದು ಯಂತ್ರ!

2003ರ ಸೆಪ್ಟೆಂಬರಿನಲ್ಲಿ ಡಾನ್ ಗೀರ್ ಮತ್ತು ಇತರ ಆರು ಮಂದಿ ತಜ್ಞರು ಒಂದು ವರದಿಯನ್ನು ಹೊರತಂದರು. ಜಗತ್ತಿನ ಬಹುಪಾಲು ಕಂಪ್ಯೂಟರುಗಳು ಒಂದೇ ಕಂಪನಿಯ ವಿಂಡೋಸನ್ನು ಬಳಸುವುದು ಒಂದೇ ತಳಿಯ ಬೆಳೆ ಬೆಳೆದಂತೆ; ರೋಗ ಬಂದರೆ ಹೊಲವೆಲ್ಲ ಹೋಗುತ್ತದೆ ಎಂದು ಅದರ ಸಾರಾಂಶ. ನಂಜನಗೂಡು ರಸಬಾಳೆಯ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಾಳೆಯನ್ನು ಕಂದಿನಿಂದ ಬೆಳೆಸುವುದರಿಂದ ಪ್ರತಿಯೊಂದು ಗಿಡವೂ ತಾಯಿಯ ಪಡಿಯಚ್ಚು. ಪನಾಮಾ ಸೊರಗು ರೋಗ ಒಂದಕ್ಕೆ ತಗುಲಿದರೆ ಎಲ್ಲಕ್ಕೂ ತಗುಲೀತು. ವರದಿ ಹೊರಬಂದ ಬೆನ್ನಿಗೇ ಗೀರ್ ಅವರ ಕೆಲಸ ಹೋಯಿತು. ಅವರಿದ್ದ ಕಂಪನಿಗೆ ಮೈಕ್ರೋಸಾಫ್ಟ್ ಗ್ರಾಹಕನಾಗಿತ್ತು.

2024ರ ಜುಲೈ 19ರ ಬೆಳಗ್ಗೆ, ನಮ್ಮಲ್ಲಿ ಒಂಬತ್ತೂವರೆ ದಾಟಿದ ಹೊತ್ತಿಗೆ, ಈ ಎರಡು ಎಚ್ಚರಿಕೆಗಳೂ ಒಟ್ಟಿಗೆ ನಿಜವಾದವು. ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ತಂತ್ರಾಂಶ ವಿಂಡೋಸಿನ ಗರ್ಭಗುಡಿಯೊಳಗೇ ಕುಳಿತಿರುತ್ತಿತ್ತು. ಅದಕ್ಕೆ ಬಂದ ಹೊಸ ಕಡತದ ಪ್ರಕಾರ 21 ಮೌಲ್ಯಗಳು ಬೇಕಾಗಿದ್ದವು, ಒದಗಿಸಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಹುಡುಕಲು ಹೋಗಿ ಕಂಪ್ಯೂಟರ್ ಕುಸಿಯಿತು. ಕಡತವನ್ನು 78 ನಿಮಿಷಗಳಲ್ಲಿ ಹಿಂದೆಗೆದುಕೊಂಡರು. ಅಷ್ಟರಲ್ಲಿ, ಮೈಕ್ರೋಸಾಫ್ಟಿನ ಲೆಕ್ಕದಂತೆ, 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತಿದ್ದವು. ಅದು ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಶೇಕಡಾ ಒಂದಕ್ಕಿಂತ ಕಡಿಮೆ. ಆದರೆ ಆ ಒಂದಂಶ ಆಸ್ಪತ್ರೆಗಳಲ್ಲಿ, ಬ್ಯಾಂಕುಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಇತ್ತು. ಎಷ್ಟೋ ಯಂತ್ರಗಳ ಮುಂದೆ ಒಬ್ಬ ಮನುಷ್ಯ ಹೋಗಿ ನಿಂತು ಆ ಕಡತವನ್ನು ಕೈಯಾರೆ ಅಳಿಸಬೇಕಾಯಿತು. ನಮ್ಮ ದೇಶದಲ್ಲಿ ವಿಮಾನದ ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಟ್ಟ ಚಿತ್ರವನ್ನು ನೀವೂ ನೋಡಿರುತ್ತೀರಿ. ಅಕ್ಷರ ದುಂಡಗಿದ್ದುದನ್ನು ನಾನು ಗಮನಿಸಿದೆ. ಮೇಷ್ಟರ ಚಾಳಿ, ಬಿಡುವುದಿಲ್ಲ. ರಕ್ಷಣಾ ತಂತ್ರಾಂಶಗಳು ಕರ್ನಲ್‌ನ ಹೊರಗಿದ್ದುಕೊಂಡೇ ಕೆಲಸ ಮಾಡುವಂತೆ ವಿಂಡೋಸನ್ನು ಬದಲಾಯಿಸುವುದಾಗಿ ಆ ವರ್ಷದ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಟನೆನ್‌ಬಾಮ್ ಹೇಳಿ ಅಷ್ಟರಲ್ಲಿ 32 ವರ್ಷಗಳಾಗಿದ್ದವು.

2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಎಂಬ ಮತ್ತೊಂದು ದೊಡ್ಡ ಸಂಸ್ಥೆಯ ಸರದಿ. ಒಂದು ಕಡತದ ಗಾತ್ರ ಇಮ್ಮಡಿಯಾಯಿತು, ಅದು ಎಲ್ಲ ಯಂತ್ರಗಳಿಗೂ ಹರಡಿತು, ಎಲ್ಲವೂ ಒಂದೇ ರೀತಿ ಕುಸಿದವು. 1980ರ ಆ ಮೂರು ವರದಿಗಳನ್ನು ಓದಿದ ಮೇಲೆ ಇದರಲ್ಲಿ ನನಗೆ ಹೊಸತೇನೂ ಕಾಣಲಿಲ್ಲ.

ಇದನ್ನೆಲ್ಲ ನನ್ನ ಹಳೆಯ ವಿದ್ಯಾರ್ಥಿಗೆ ಫೋನಿನಲ್ಲಿ ಹೇಳಿದಾಗ ಅವನು ಪೂರ್ತಿ ಒಪ್ಪಲಿಲ್ಲ. "ಸಾರ್, ಹತ್ತು ಜನ ಇರೋ ಕಂಪನಿ ರಾತ್ರಿಯೆಲ್ಲಾ ಎದ್ದು ತನ್ನ ಸರ್ವರ್ ಕಾಯೋಕಾಗಲ್ಲ. ದೊಡ್ಡೋರು ವರ್ಷಕ್ಕೊಂದು ದಿನ ಬೀಳ್ತಾರೆ, ಪೇಪರಲ್ಲಿ ಬರುತ್ತೆ. ಚಿಕ್ಕೋರು ತಿಂಗಳಿಗೊಂದು ಸಲ ಬೀಳ್ತಿದ್ರು, ಯಾರಿಗೂ ಗೊತ್ತಾಗ್ತಿರಲಿಲ್ಲ" ಎಂದ. ಅವನ ಮಾತಿನಲ್ಲಿ ಸತ್ಯವಿದೆ. ಬಾವಿ ಸೇದಿದವರ ಕೈಯ ಬೊಕ್ಕೆಗಳನ್ನು ಮರೆತು ಬಾವಿಯನ್ನು ಹೊಗಳುವುದು ತಪ್ಪು. ಚಿಕ್ಕವರು ಒಬ್ಬೊಬ್ಬರಾಗಿ ಬೀಳುತ್ತಿದ್ದಾಗ ಪಕ್ಕದವರು ನಿಂತಿರುತ್ತಿದ್ದರಲ್ಲವೇ ಎಂದು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೇ ಸಾರ್ ನಾನು ಅವತ್ತು ಕೇಳಿದ್ದು" ಎಂದ. ಬ್ಯಾಂಕು, ಆಸ್ಪತ್ರೆ, ತೆರಿಗೆ ಇಲಾಖೆಗಳಂಥ ಕಡೆ ಎರಡನೆಯ ದಾರಿಯೊಂದು ಇರಲೇಬೇಕು, ಆ ದಾರಿಯಲ್ಲಿ ಮೊದಲನೆಯದರ ತಂತ್ರಾಂಶವೇ ಇರಕೂಡದು ಎಂಬಲ್ಲಿಗೆ ಇಬ್ಬರಿಗೂ ಒಪ್ಪಿಗೆಯಾಯಿತು. ಅದರ ಖರ್ಚನ್ನು ಯಾರು ಕೊಡಬೇಕೆಂಬಲ್ಲಿ ಮಾತು ನಿಂತಿತು.

ನನಗೆ ಈ ವಿಷಯ ಇಷ್ಟು ಹತ್ತಿರವಾಗಲು ಬೇರೊಂದು ಕಾರಣವಿದೆ. ಅದೇ ತರಗತಿಯವರು ಕಾಲೇಜಿಗೆ ಹೋದ ಮೇಲೆ ಒಂದು ಉಚಿತ ಸೇವೆಯಲ್ಲಿ ತಮ್ಮದೊಂದು ಬಳಗ ಮಾಡಿಕೊಂಡು ಶಾಲೆಯ ನೆನಪುಗಳನ್ನು ಬರೆಯುತ್ತಿದ್ದರು. ನನಗೂ ಅಲ್ಲಿ ಜಾಗವಿತ್ತು. ಅವರಲ್ಲೊಬ್ಬ ಬಹಳ ಚೆನ್ನಾಗಿ ಬರೆಯುತ್ತಿದ್ದ. ಓದು ಮುಗಿಸಿ ಕೆಲಸಕ್ಕೆ ಸೇರಿದ ವರ್ಷವೇ ರಸ್ತೆ ಅಪಘಾತದಲ್ಲಿ ತೀರಿಕೊಂಡ. ಆ ಸೇವೆಯನ್ನು ನಡೆಸುತ್ತಿದ್ದ ಕಂಪನಿ ಮುಂದೆ ಅದನ್ನು ಮುಚ್ಚಿತು; ಸೂಚನೆಯ ಪತ್ರ ನಮ್ಮಲ್ಲಿ ಯಾರೂ ತೆರೆಯದ ಹಳೆಯ ವಿಳಾಸಗಳಿಗೆ ಹೋಗಿತ್ತು. ಎರಡು ವರ್ಷಗಳ ಹಿಂದೆ ಅವನ ತಾಯಿ ನಮ್ಮ ಮನೆಗೆ ಬಂದು, "ಮೇಷ್ಟ್ರೇ, ಅವ್ನು ಬರ್ದಿದ್ದು ಕಂಪ್ಯೂಟರಲ್ಲಿ ಅದೆಯಂತಲ್ಲ, ಒಂದ್ಸಲ ತೆಗ್ದು ಓದಿ ಹೇಳಿ" ಎಂದರು. ಎಲ್ಲಿಂದ ತೆಗೆಯಲಿ? ಅವನ ಹನ್ನೊಂದು ಬರಹಗಳಲ್ಲಿ ಎರಡು ಮಾತ್ರ ಸಿಕ್ಕವು. ಹುಡುಗಿಯೊಬ್ಬಳು ಹಾಸ್ಟೆಲಿನಲ್ಲಿದ್ದಾಗ ಅವನ್ನು ಮುದ್ರಿಸಿ ತನ್ನ ಕಡತದಲ್ಲಿಟ್ಟುಕೊಂಡಿದ್ದಳು. ಆ ತಾಯಿಗೆ ಅವನ್ನೇ ಓದಿ ಹೇಳಿದೆ. ಒಂದರಲ್ಲಿ ಶಾಲೆಯ ಹಿಂದಿನ ಹುಣಸೆಮರದ ವಿಚಾರವಿತ್ತು, ಇನ್ನೊಂದರಲ್ಲಿ ನನ್ನ ಸೈಕಲ್ಲಿನದು.

ಈಗ ನಾನು ಬರೆದದ್ದನ್ನೆಲ್ಲ, ನಿಮ್ಮ ಪತ್ರಗಳೂ ಸೇರಿದಂತೆ, ಕಾಗದದ ಮೇಲೆ ಮುದ್ರಿಸಿ ಹೊಲಿಸಿದ್ದೇನೆ. ಬ್ಯಾರನ್ನರ ಲೆಕ್ಕದಂತೆ ನಾಲ್ಕು ಪ್ರತಿ. ಒಂದು ನನ್ನ ಬೀರುವಿನಲ್ಲಿದೆ, ಒಂದು ಶಿವಮೊಗ್ಗದ ತಂಗಿಯ ಮನೆಯಲ್ಲಿ, ಒಂದು ಹಾಸ್ಟೆಲಿನ ಕಡತ ಕಾಪಾಡಿದ ಆ ಹುಡುಗಿಯ ಬಳಿ. ನಾಲ್ಕನೆಯದನ್ನು ಹಿಂದಿನ ಬೆಂಚಿನವನು ಯುಗಾದಿಗೆ ಬಂದಾಗ ತೆಗೆದುಕೊಂಡು ಹೋಗುವುದಾಗಿ ಹೇಳಿದ್ದಾನೆ. ಉಳಿದ ಒಂಬತ್ತರಲ್ಲಿ ಯಾವುದಾದರೂ ನಿಮ್ಮ ಹಳೆಯ ಪೆಟ್ಟಿಗೆಯಲ್ಲಿ ಕಂಡರೆ ದಯವಿಟ್ಟು ನನಗೆ ತಿಳಿಸಿ. ಆ ತಾಯಿ ಊರಿನಲ್ಲಿಯೇ ಇದ್ದಾರೆ.